ಎಂಎಸ್‌ಐ ಬಿ650 ಟೊಮಾಹಾಕ್ ವೈಫೈ ವಿಮರ್ಶೆ: ಬೋರ್ಡ್ ಗಟ್ಟಿ, ಬಯೋಸ್ ಮೇಲೆ ಒಂದು ಕಣ್ಣಿರಲಿ

ಎಎಂಡಿ ಸಿಪಿಯು ಕೂರುವ ಎಎಂ5 ಸಾಕೆಟ್‌ಗೆ ಮಧ್ಯಮ ಬೆಲೆಯ ಮದರ್‌ಬೋರ್ಡ್ ಹುಡುಕುವವರು ಮೊದಲು ಕೇಳುವುದು ವಿಆರ್‌ಎಂ (ಸಿಪಿಯುಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಎಷ್ಟು ಫೇಸು, ಹೀಟ್‌ಸಿಂಕ್ ಎಷ್ಟು ದಪ್ಪ ಅಂತ. ಈ ಬೋರ್ಡಿನ ಮಟ್ಟಿಗೆ ಉತ್ತರ ಚಿಕ್ಕದು: ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಸಿಪಿಯು ಕೋರ್‌ಗೆ 14 ಫೇಸು, ಒಂದೊಂದಕ್ಕೂ 80 ಆಂಪಿಯರ್ ಪವರ್ ಸ್ಟೇಜ್. ರೈಜನ್ 7 7700ಎಕ್ಸ್ ಸ್ಟಾಕ್ ಸೆಟ್ಟಿಂಗ್‌ನಲ್ಲಿ ಎಳೆಯುವುದು ಗರಿಷ್ಠ 142 ವ್ಯಾಟ್. 7950ಎಕ್ಸ್ ಹಾಕಿದರೂ 230. ಎರಡಕ್ಕೂ ಈ ಬೋರ್ಡ್ ತಲೆ ಕೆಡಿಸಿಕೊಳ್ಳುವುದಿಲ್ಲ. ಓವರ್‌ಕ್ಲಾಕ್ ಮಾಡಲು (ಚಿಪ್ಪನ್ನು ನಿಗದಿತ ವೇಗಕ್ಕಿಂತ ಮೇಲೆ ಓಡಿಸಲು) ಹೊರಟವರ ಸಮಯವೆಲ್ಲ ಹೋಗುವುದು 32 ಎಂಬಿಯ ಫ್ಲ್ಯಾಶ್ ಚಿಪ್ಪಿನೊಳಗೆ ಕೂತಿರುವ ಫರ್ಮ್‌ವೇರ್, ಅಂದರೆ ಬಯೋಸ್ ಜೊತೆ. ಹಾಗಾಗಿ ಈ ವಿಮರ್ಶೆಯಲ್ಲಿ ಹೆಚ್ಚಿನ ಮಾತು ಅದರ ಬಗ್ಗೆಯೇ.

ಮಿಕ್ಕ ವಿಷಯ ಬೇಗ ಮುಗಿಸೋಣ. 2.5 ಗಿಗಾಬಿಟ್ ಲ್ಯಾನ್, ವೈಫೈ 6ಇ, ಮೂರು ಎಂ.2 ಸ್ಲಾಟು, ನಾಲ್ಕು ರ‍್ಯಾಮ್ ಸ್ಲಾಟು, ಹಿಂಬದಿಯಲ್ಲಿ ಫ್ಲ್ಯಾಶ್ ಬಯೋಸ್ ಬಟನ್. ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 4.0, 5.0 ಅಲ್ಲ. ಇವತ್ತಿನ ಯಾವ ಮಧ್ಯಮ ದರ್ಜೆಯ ಕಾರ್ಡ್‌ಗೂ ಅದರಿಂದ ಗಮನಕ್ಕೆ ಬರುವಂಥ ನಷ್ಟವಿಲ್ಲ. ಬೂಟ್ ಎಲ್ಲಿ ನಿಂತಿತೆಂದು ಹೇಳುವ ಪೋಸ್ಟ್ ಕೋಡ್ ತೋರಿಸುವ ಎರಡಂಕಿ ಡಿಸ್‌ಪ್ಲೇ ಇಲ್ಲ. ನಾಲ್ಕು ಪುಟ್ಟ ಎಲ್‌ಇಡಿಗಳಷ್ಟೇ. ಓವರ್‌ಕ್ಲಾಕಿಂಗ್‌ಗೆ ಇದು ನಿಜವಾದ ಕೊರತೆ. ಹಳದಿ ದೀಪ ಹತ್ತಿದರೆ ತೊಂದರೆ ರ‍್ಯಾಮ್ ಕಡೆ ಇದೆ ಎಂದು ಗೊತ್ತಾಗುತ್ತದೆ, ಅದರಾಚೆಗೆ ಏನೂ ತಿಳಿಯದು.

ದೋಷ ಯಾರದು?

ಎಎಂಡಿ ಬೋರ್ಡ್‌ಗಳ ಬಯೋಸ್ ಎರಡು ಪದರದ್ದು. ಕೆಳಗೆ ಎಎಂಡಿಯೇ ಕೊಡುವ ಅಜೀಸಾ (AGESA) ಎಂಬ ಕೋಡ್: ರ‍್ಯಾಮ್ ಟ್ರೇನಿಂಗ್, ವೋಲ್ಟೇಜ್ ಮಿತಿ, ಬೂಸ್ಟ್ ನಿಯಮ, ಮೈಕ್ರೋಕೋಡ್ ಎಲ್ಲ ಅದರಲ್ಲಿ. ಮೇಲೆ ಬೋರ್ಡ್ ಕಂಪನಿ ಕಟ್ಟಿಕೊಳ್ಳುವ ಮೆನು, ಫ್ಯಾನ್ ಕರ್ವ್, ಪ್ರೊಫೈಲ್, ಆಟೋ ವೋಲ್ಟೇಜ್‌ಗಳು. ಒಂದು ತೊಂದರೆ ಬೇರೆ ಕಂಪನಿಗಳ ಬೋರ್ಡ್‌ಗಳಲ್ಲೂ ಅದೇ ಅಜೀಸಾ ಆವೃತ್ತಿಯಲ್ಲಿ ಕಾಣಿಸಿದರೆ ಅದು ಎಎಂಡಿಯದು. ಮುಂದಿನ ಅಜೀಸಾ ಬರುವವರೆಗೆ ಬೋರ್ಡ್ ಕಂಪನಿಗೆ ಎಷ್ಟು ದೂರು ಬರೆದರೂ ಉಪಯೋಗವಿಲ್ಲ. ಬರೀ ಒಂದೇ ಬ್ರ್ಯಾಂಡಿನಲ್ಲಿ ಕಾಣಿಸಿದರೆ ಮೇಲಿನ ಪದರದ್ದು. ಬಯೋಸ್ ಡೌನ್‌ಲೋಡ್ ಪುಟದಲ್ಲಿ ಆವೃತ್ತಿಯ ಕೆಳಗೆ ಸಾಮಾನ್ಯವಾಗಿ ಅಜೀಸಾ ಸಂಖ್ಯೆ ಬರೆದಿರುತ್ತದೆ. ಎಂಎಸ್‌ಐ ಆವೃತ್ತಿ ಸಂಖ್ಯೆಗಿಂತ ಮೊದಲು ಅದನ್ನೇ ನೋಡಿ.

2023ರ ಏಪ್ರಿಲ್‌ನಲ್ಲಿ ಈ ಎರಡು ಪದರಗಳ ನಡುವಿನ ಸಡಿಲು ಬಯಲಾಯಿತು. 7800ಎಕ್ಸ್3ಡಿ ಸೇರಿದಂತೆ ಕೆಲವು ರೈಜನ್ 7000 ಚಿಪ್‌ಗಳು ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದ ಚಿತ್ರಗಳು ಹರಿದಾಡಿದವು. ಎಕ್ಸ್‌ಪೋ (ರ‍್ಯಾಮನ್ನು ಅದರ ಪ್ಯಾಕಿನ ಮೇಲೆ ಬರೆದ ವೇಗಕ್ಕೆ ಏರಿಸುವ ಸಿದ್ಧ ಪ್ರೊಫೈಲ್) ಆನ್ ಮಾಡಿದ ತಕ್ಷಣ ಕೆಲವು ಬೋರ್ಡ್‌ಗಳು ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರಿಗೆ ಹೋಗುವ ಎಸ್‌ಓಸಿ ವೋಲ್ಟೇಜನ್ನು ತಾವಾಗಿಯೇ 1.3ರ ಮೇಲಕ್ಕೆ ಏರಿಸುತ್ತಿದ್ದವು. ಎಎಂಡಿ ಹೊಸ ಅಜೀಸಾದಲ್ಲಿ ಅದಕ್ಕೆ 1.3 ವೋಲ್ಟಿನ ಮೇಲ್ಮಿತಿ ಹಾಕಿತು. ಗೋದಾಮಿನಲ್ಲಿ ಬಹಳ ಕಾಲ ಕೂತ ಹಳೇ ಸ್ಟಾಕ್ ಬೋರ್ಡಿನಲ್ಲಿ ಅದಕ್ಕೂ ಮುಂಚಿನ ಬಯೋಸ್ ಇರುವ ಸಾಧ್ಯತೆ ಇದೆ. ಹಾಗಾಗಿ ಮೊದಲ ಕೆಲಸ ಅಪ್‌ಡೇಟ್, ಆಮೇಲೆ ಎಕ್ಸ್‌ಪೋ. ಈ ಕ್ರಮ ತಿರುವುಮುರುವು ಆಗಬಾರದು. ರೈಜನ್ 9000 ಸರಣಿಯ ಚಿಪ್ ತಂದಿದ್ದರಂತೂ ಬೇರೆ ದಾರಿಯೇ ಇಲ್ಲ, ಹಳೆಯ ಬಯೋಸ್ ಅದನ್ನು ಗುರುತಿಸುವುದೇ ಇಲ್ಲ.

ಬಯೋಸ್ ಹಾಕುವಾಗ

ಫ್ಲ್ಯಾಶ್ ಬಟನ್ ಈ ಬೋರ್ಡಿನ ಅತ್ಯಂತ ಬೆಲೆಬಾಳುವ ಅಂಗ. ಸಿಪಿಯು, ರ‍್ಯಾಮ್ ಯಾವುದೂ ಇಲ್ಲದೆ, 24 ಪಿನ್ ಮತ್ತು ಸಿಪಿಯು ಪವರ್ ಕೇಬಲ್ ಮಾತ್ರ ಚುಚ್ಚಿ ಬಯೋಸ್ ಬರೆಯಬಹುದು. ಪೆನ್‌ಡ್ರೈವ್ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿರಬೇಕು. ಜಿಪ್ ಬಿಚ್ಚಿ, ಒಳಗಿನ ಫೈಲಿಗೆ ಎಂಎಸ್‌ಐ ಡಾಟ್ ಆರ್‌ಓಎಂ ಎಂದು ದೊಡ್ಡಕ್ಷರದಲ್ಲಿ ಹೆಸರಿಟ್ಟು, ಯಾವ ಫೋಲ್ಡರಿಗೂ ಹಾಕದೆ ನೇರವಾಗಿ ಪೆನ್‌ಡ್ರೈವಿನಲ್ಲಿಡಿ. ಹಿಂಬದಿಯಲ್ಲಿ ಫ್ಲ್ಯಾಶ್ ಬಯೋಸ್ ಎಂದು ಗುರುತಿರುವ ಯುಎಸ್‌ಬಿ ಪೋರ್ಟಿಗೇ ಚುಚ್ಚಬೇಕು, ಪಕ್ಕದ್ದು ನಡೆಯದು.

ಹೆಚ್ಚಿನವರು ಎಡವುವುದು ಹೆಸರಿಡುವಾಗ. ವಿಂಡೋಸ್ ಫೈಲ್ ಎಕ್ಸ್‌ಟೆನ್ಶನ್‌ಗಳನ್ನು ಮರೆಮಾಡಿಟ್ಟಿರುತ್ತದೆ. ಹಾಗಿರುವಾಗ ಹೆಸರು ಬದಲಿಸಿದರೆ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ, ಆದರೆ ಬಾಲಕ್ಕೆ ಹಳೆಯ ಎಕ್ಸ್‌ಟೆನ್ಶನ್ ಅಂಟಿಕೊಂಡೇ ಇರುತ್ತದೆ. ಬಟನ್ ಒತ್ತಿದರೆ ದೀಪ ಸ್ವಲ್ಪ ಮಿನುಗಿ ನಿಂತುಹೋಗುತ್ತದೆ, ‘ಬೋರ್ಡ್ ಕೆಟ್ಟಿದೆ’ ಅಂತ ವಾಪಸ್ ಕಳಿಸುತ್ತಾರೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ಆನ್ ಮಾಡಿದ ಮೇಲೆ ಹೆಸರು ಬದಲಿಸಿ. ಸರಿಯಾಗಿ ನಡೆದರೆ ದೀಪ ಕೆಲವು ನಿಮಿಷ ಮಿನುಗುತ್ತಲೇ ಇದ್ದು ತಾನಾಗಿ ಆರುತ್ತದೆ.

ಮಧ್ಯೆ ಕರೆಂಟ್ ಹೋದರೂ ಫ್ಲ್ಯಾಶ್ ಬಟನ್ ಇರುವುದರಿಂದ ಬೋರ್ಡ್ ಸಾಯುವುದಿಲ್ಲ, ಮತ್ತೆ ಬರೆಯಬಹುದು. ಆದರೂ ಮಳೆಗಾಲದ ಸಂಜೆ ಗುಡುಗು ಶುರುವಾದಾಗ ಈ ಕೆಲಸಕ್ಕೆ ಕೂರಬೇಡಿ, ಯುಪಿಎಸ್ ಇದ್ದರೆ ಅದರ ಮೇಲೆಯೇ ಮಾಡಿ.

ವಿಂಡೋಸ್ ಇರುವ ಮೆಷಿನ್ನಿನಲ್ಲಿ ಬಯೋಸ್ ಬದಲಿಸುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಎಲ್ಲಿದೆ ನೋಡಿಟ್ಟುಕೊಳ್ಳಿ. ಆ ಬೀಗದ ಕೀಲಿ ಕಾಯುವ ಟಿಪಿಎಂ (ಇಲ್ಲಿ ಎಫ್‌ಟಿಪಿಎಂ) ಇರುವುದು ಸಿಪಿಯು ಫರ್ಮ್‌ವೇರಿನೊಳಗೆ. ಅಪ್‌ಡೇಟ್ ಆದಮೇಲೆ ಅದು ಮೊದಲು ದಾಖಲಿಸಿಟ್ಟ ಬಯೋಸ್ ಗುರುತು ಹೊಂದದಿದ್ದರೆ ವಿಂಡೋಸ್ ಕೀ ಕೇಳುತ್ತದೆ. ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಕಪ್ಪು ಪರದೆಯಲ್ಲಿ ಪ್ರಶ್ನೆ ಬಂದರೆ, ಕೀ ಕೈಯಲ್ಲಿಲ್ಲದೆ ಹೌದು ಎನ್ನಬೇಡಿ.

ಇನ್ನೊಂದು ಕಿರಿಕಿರಿ: ಅಪ್‌ಡೇಟ್ ಮಾಡಿದಾಗ ಉಳಿಸಿಟ್ಟ ಓವರ್‌ಕ್ಲಾಕ್ ಪ್ರೊಫೈಲ್‌ಗಳು ಅಳಿಸಿಹೋಗುತ್ತವೆ. ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟಿದ್ದರೂ ಹಳೇ ಆವೃತ್ತಿಯ ಪ್ರೊಫೈಲನ್ನು ಹೊಸ ಬಯೋಸಿನಲ್ಲಿ ಲೋಡ್ ಮಾಡುವುದು ಒಳ್ಳೆಯದಲ್ಲ. ಮೆನುವಿನ ಸ್ಥಾನಗಳು ಬದಲಾಗಿದ್ದರೆ ಸಂಖ್ಯೆಗಳು ತಪ್ಪು ಜಾಗಕ್ಕೆ ಬೀಳಬಹುದು. ಎಫ್12 ಒತ್ತಿದರೆ ಬಯೋಸ್ ಪರದೆಯ ಚಿತ್ರ ಪೆನ್‌ಡ್ರೈವಿನಲ್ಲಿ ಉಳಿಯುತ್ತದೆ. ಪ್ರತಿ ಪುಟದ್ದೂ ಒಂದೊಂದು ತೆಗೆದುಕೊಂಡು, ಹೊಸ ಬಯೋಸಿನಲ್ಲಿ ಕೈಯಿಂದಲೇ ತುಂಬಿ.

ರ‍್ಯಾಮ್: ಲಾಭವೂ ಇಲ್ಲೇ, ತಲೆನೋವೂ ಇಲ್ಲೇ

ಎರಡು 16 ಜಿಬಿ ಕಡ್ಡಿ, ಡಿಡಿಆರ್5-6000 ವೇಗ, ಸಿಎಲ್30 (ಉತ್ತರ ಕೊಡಲು ಹಿಡಿಯುವ ಕ್ಲಾಕ್‌ಗಳ ಎಣಿಕೆ, ಅಂದರೆ ಟೈಮಿಂಗ್). ಈ ಬೋರ್ಡಿಗೆ ಬೇರೆ ಸಲಹೆ ಕೊಡುವ ಅಗತ್ಯವಿಲ್ಲ. ಸಿಪಿಯು ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟು. ನಾಲ್ಕೂ ಸ್ಲಾಟು ತುಂಬಿದರೆ ಎಎಂಡಿ ರೈಜನ್ 7000ಕ್ಕೆ ಅಧಿಕೃತವಾಗಿ ಭರವಸೆ ಕೊಡುವ ವೇಗ 3600 ಮಾತ್ರ. ಎರಡು ಕಡ್ಡಿಗಾದರೆ 5200. 64 ಜಿಬಿ ಬೇಕಿದ್ದರೆ 32ರ ಎರಡು ಕಡ್ಡಿ ತನ್ನಿ. 16ರ ಇನ್ನೊಂದು ಜೋಡಿ ಆಮೇಲೆ ಸೇರಿಸೋಣ ಎನ್ನುವ ಲೆಕ್ಕ ಎಎಂ5ರಲ್ಲಿ ಕೈಕೊಡುತ್ತದೆ.

6000ವೇ ಯಾಕೆ? ಆ ವೇಗದಲ್ಲಿ ರ‍್ಯಾಮ್ ಗಡಿಯಾರ 3000 ಮೆಗಾಹರ್ಟ್ಸ್, ಮೆಮೊರಿ ಕಂಟ್ರೋಲರ್ ಕೂಡ ಅದೇ 3000ದಲ್ಲಿ ಒಂದಕ್ಕೊಂದು ಓಡುತ್ತದೆ. 6400ಕ್ಕೆ ಏರಿಸಿ ಯುಕ್ಲಾಕ್ (ಕಂಟ್ರೋಲರಿನ ಗಡಿಯಾರ) ಅನ್ನು ಆಟೋದಲ್ಲೇ ಬಿಟ್ಟರೆ ಬೋರ್ಡ್ ಸದ್ದಿಲ್ಲದೆ ಕಂಟ್ರೋಲರನ್ನು ಅರ್ಧಕ್ಕೆ, ಅಂದರೆ 1600ಕ್ಕೆ ಇಳಿಸಿಬಿಡಬಹುದು. ಮೆಷಿನ್ ಬೂಟ್ ಆಗುತ್ತದೆ, ಟಾಸ್ಕ್ ಮ್ಯಾನೇಜರ್ 6400 ಎಂದೇ ತೋರಿಸುತ್ತದೆ, ಆಟ ಮಾತ್ರ ಮೊದಲಿಗಿಂತ ನಿಧಾನ. ಜೆನ್‌ಟೈಮಿಂಗ್ಸ್ ಎಂಬ ಸಾಫ್ಟ್‌ವೇರ್ ತೆರೆದು ಯುಕ್ಲಾಕ್ ಎದುರಿನ ಸಂಖ್ಯೆ ನೋಡಿ. ಎಂಕ್ಲಾಕ್ (ರ‍್ಯಾಮ್ ಗಡಿಯಾರ) ಎಷ್ಟಿದೆಯೋ ಅಷ್ಟೇ ಇರಬೇಕು.

ಎಕ್ಸ್‌ಪೋ ಆನ್ ಮಾಡಿ ಸೇವ್ ಮಾಡಿದ ಮೇಲೆ ಪರದೆ ಕಪ್ಪಾಗಿ, ಹಳದಿ ದೀಪ ಹತ್ತಿಕೊಂಡು ಹಾಗೇ ನಿಲ್ಲುತ್ತದೆ. ಇದು ಟ್ರೇನಿಂಗ್: ಪ್ರತಿ ಡೇಟಾ ಗೆರೆಗೂ ಸರಿಯಾದ ವಿಳಂಬವನ್ನು, ವೋಲ್ಟೇಜ್ ಮಟ್ಟವನ್ನು ಕಂಟ್ರೋಲರ್ ಹುಡುಕುತ್ತಿರುತ್ತದೆ. ಮೊದಲ ಸಲ ಹಲವು ನಿಮಿಷ ಹಿಡಿಯಬಹುದು, 64 ಜಿಬಿ ಇದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಗಾಬರಿಯಾಗಿ ಪವರ್ ಬಟನ್ ಒತ್ತಿದರೆ ಟ್ರೇನಿಂಗ್ ಮತ್ತೆ ಮೊದಲಿಂದ. ಕಾಲು ಗಂಟೆ ಕಾದರೂ ಪರದೆ ಬರದಿದ್ದರೆ ಮಾತ್ರ ಪವರ್ ತೆಗೆದು, ಜೆಬ್ಯಾಟ್1 ಎಂಬ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡು ಜೋಡಿಸಿ ಸಿಮಾಸ್ (ಬಯೋಸ್ ಸೆಟ್ಟಿಂಗ್ ಉಳಿಯುವ ಜಾಗ) ಅಳಿಸಿ.

ಪ್ರತಿ ಬೂಟಿಗೂ ಈ ಕಾಯುವಿಕೆ ಬೇಡ ಎಂದೇ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಇದೆ. ಹಿಂದಿನ ಟ್ರೇನಿಂಗ್ ಫಲಿತಾಂಶವನ್ನು ಉಳಿಸಿಟ್ಟುಕೊಂಡು ಮುಂದಿನ ಬೂಟಿನಲ್ಲಿ ಅದನ್ನೇ ಬಳಸುತ್ತದೆ. ಎಎಂ5ರ ಅತ್ಯಂತ ಕುಖ್ಯಾತ ದೋಷ ಸುತ್ತಿಕೊಂಡಿರುವುದು ಇದಕ್ಕೇ. ಇದನ್ನು ಆನ್ ಮಾಡಿ ಪವರ್ ಡೌನ್ ಎನೇಬಲ್ ಎಂಬ ಇನ್ನೊಂದು ಆಯ್ಕೆಯನ್ನು ಆಫ್ ಇಟ್ಟರೆ, ಮೊದಲ ಟ್ರೇನಿಂಗ್ ಆದ ಬೂಟ್ ಸರಿಯಾಗಿರುತ್ತದೆ, ಗಂಟೆಗಟ್ಟಲೆ ರ‍್ಯಾಮ್ ಟೆಸ್ಟ್ ಪಾಸಾಗುತ್ತದೆ. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ನೀಲಿ ಪರದೆ. ಟೈಮಿಂಗ್ ತಪ್ಪಿತೇನೋ ಎಂದು ಸಡಿಲಿಸುತ್ತಾ ಹೋಗುತ್ತಾರೆ, ಟೈಮಿಂಗ್ ಪಾಪ ಸರಿಯಾಗಿಯೇ ಇರುತ್ತದೆ. ಎರಡನ್ನೂ ಆನ್ ಇಡಿ, ಇಲ್ಲವೇ ಎರಡನ್ನೂ ಆಫ್ ಇಡಿ. ಎರಡೂ ಆನ್ ಆದರೆ ಲೇಟೆನ್ಸಿ ಚೂರು ಹೆಚ್ಚು, ಬೂಟ್ ಚುರುಕು. ಎರಡೂ ಆಫ್ ಆದರೆ ಪ್ರತಿ ಸಲ ಕಾಯಬೇಕು. ದಿನಕ್ಕೊಮ್ಮೆ ಆನ್ ಮಾಡುವ ಮೆಷಿನ್ನಿಗೆ ನನ್ನ ಆಯ್ಕೆ ಎರಡೂ ಆನ್. ಟೈಮಿಂಗ್ ಬದಲಿಸುವ ದಿನಗಳಲ್ಲಿ ಮಾತ್ರ ಎರಡನ್ನೂ ಆಫ್ ಇಡುವುದು ಮೇಲು, ಇಲ್ಲದಿದ್ದರೆ ಪರೀಕ್ಷಿಸುತ್ತಿರುವುದು ಹೊಸ ಟ್ರೇನಿಂಗನ್ನೋ ಹಳೆಯದನ್ನೋ ತಿಳಿಯುವುದಿಲ್ಲ.

ವೋಲ್ಟೇಜು: ಎಸ್‌ಓಸಿಯನ್ನು ಆಟೋದಲ್ಲಿ ಬಿಡಬೇಡಿ. ಮಿತಿ 1.3 ಇದೆಯೆಂದು ಅಲ್ಲಿಯವರೆಗೆ ಏರಿಸುವುದೂ ಬೇಡ. 6000ಕ್ಕೆ ಹೆಚ್ಚಿನ ಚಿಪ್‌ಗಳಿಗೆ 1.15ರಿಂದ 1.25 ವೋಲ್ಟ್ ಸಾಕು. 1.2ರಿಂದ ಶುರುಮಾಡಿ, ಟೆಸ್ಟ್ ಪಾಸಾದರೆ 0.02ರಂತೆ ಇಳಿಸುತ್ತಾ ಹೋಗಿ. ಬಯೋಸಿನಲ್ಲಿ ಹಾಕಿದ್ದಷ್ಟೇ ನಿಜವಾಗಿ ಸಿಗುತ್ತಿದೆಯೇ ಎಂದು ಎಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರಿನಲ್ಲಿ ತಾಳೆ ನೋಡಿ. ರ‍್ಯಾಮಿನ ವಿಡಿಡಿ ಎಕ್ಸ್‌ಪೋ ಕೊಟ್ಟಂತೆ 1.35 ಅಥವಾ 1.4. ಎಫ್‌ಕ್ಲಾಕ್ (ಸಿಪಿಯು ಒಳಗಿನ ಭಾಗಗಳನ್ನು ಜೋಡಿಸುವ ಕೊಂಡಿಯ ವೇಗ) 2000 ಭದ್ರ. ಒಳ್ಳೆಯ ಚಿಪ್ ಆದರೆ 2100ರ ಆಸುಪಾಸು. ಎಫ್‌ಕ್ಲಾಕ್ ಅತಿಯಾದರೆ ಮೆಷಿನ್ ಕ್ರ್ಯಾಶ್ ಆಗಲೇಬೇಕೆಂದಿಲ್ಲ. ಕೊಂಡಿಯಲ್ಲಿ ತಪ್ಪಾದ ಪ್ಯಾಕೆಟ್ ಮತ್ತೆ ಕಳಿಸಲ್ಪಡುತ್ತದೆ, ಅಂಕ ಮಾತ್ರ ಕುಸಿಯುತ್ತದೆ. ಅದಕ್ಕೇ ಪೈ ಲೆಕ್ಕ ಹಾಕುವ ವೈ-ಕ್ರಂಚರ್ ಸಾಫ್ಟ್‌ವೇರನ್ನು ನಾಲ್ಕೈದು ಸಲ ಓಡಿಸಿ ಸಮಯಗಳನ್ನು ಹೋಲಿಸಬೇಕು. ಸಲದಿಂದ ಸಲಕ್ಕೆ ಎಳೆದಾಡುತ್ತಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಸಬ್-ಟೈಮಿಂಗ್ ಕೈಯಿಂದ ತುಂಬಲು ಬೇಸರವಾದರೆ ಎಂಎಸ್‌ಐ ತನ್ನದೇ ಹೈ ಎಫಿಶಿಯೆನ್ಸಿ ಮೋಡ್ ಕೊಟ್ಟಿದೆ. ಅದರಲ್ಲಿ ಬ್ಯಾಲೆನ್ಸ್ ಒಳ್ಳೆಯ ಆರಂಭ, ಟೈಟೆಸ್ಟ್ ಹೈನಿಕ್ಸ್ ಕಂಪನಿಯ ರ‍್ಯಾಮ್ ಚಿಪ್ ಇದ್ದವರಿಗೆ ಮಾತ್ರ. ಕೈಯಿಂದಲೇ ಮಾಡುವವರಿಗೆ ಹೆಚ್ಚು ಫಲ ಕೊಡುವವು ಎರಡು: ಟಿಆರ್‌ಎಫ್‌ಸಿ ಮತ್ತು ಟಿರೆಫ್ಐ. ಟಿಆರ್‌ಎಫ್‌ಸಿ ಎಂದರೆ ಒಂದು ರಿಫ್ರೆಶ್‌ಗೆ (ಸೋರುವ ಚಾರ್ಜನ್ನು ಮತ್ತೆ ತುಂಬಲು) ಹಿಡಿಯುವ ಅವಧಿ, 16 ಗಿಗಾಬಿಟ್ ಚಿಪ್ಪಿಗೆ ಮಾನದಂಡದಂತೆ 295 ನ್ಯಾನೋಸೆಕೆಂಡ್, 6000ದಲ್ಲಿ ಅದು 885 ಕ್ಲಾಕ್. ಹೈನಿಕ್ಸ್ ಚಿಪ್‌ಗಳು 500ರಲ್ಲಿ ಸಲೀಸಾಗಿ ಓಡುತ್ತವೆ. ಟಿರೆಫ್ಐ ಎಂದರೆ ಎರಡು ರಿಫ್ರೆಶ್‌ಗಳ ನಡುವಿನ ಅಂತರ, ಮಾನದಂಡದ 3.9 ಮೈಕ್ರೋಸೆಕೆಂಡಿಗೆ 11,700 ಕ್ಲಾಕ್. ಅದನ್ನು 65,535ಕ್ಕೆ ಒಯ್ದರೆ ಅಂತರ ಸುಮಾರು 21.8 ಮೈಕ್ರೋಸೆಕೆಂಡ್ ಆಗುತ್ತದೆ, ರ‍್ಯಾಮ್ ರಿಫ್ರೆಶ್‌ಗಾಗಿ ಕೆಲಸ ನಿಲ್ಲಿಸುವುದು ಅಷ್ಟರಮಟ್ಟಿಗೆ ಕಡಿಮೆ.

ಇಲ್ಲಿ ಒಂದು ಹುಳುಕಿದೆ. ರ‍್ಯಾಮಿನ ಒಂದೊಂದು ಬಿಟ್ಟೂ ಚಿಕ್ಕ ಕೆಪಾಸಿಟರಿನ ಚಾರ್ಜು, ಬಿಸಿಯಾದಷ್ಟೂ ಬೇಗ ಸೋರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ 65,535 ಪಾಸಾಗಿರುತ್ತದೆ. ಏಪ್ರಿಲ್ ಬಂದು, ಗ್ರಾಫಿಕ್ಸ್ ಕಾರ್ಡ್ ಬಿಡುವ ಬಿಸಿಗಾಳಿ ಕಡ್ಡಿಗಳಿಗೆ ಬಡಿದು 55 ಡಿಗ್ರಿ ದಾಟಿದಾಗ ತಪ್ಪುಗಳು ಶುರು. ರಾಯಚೂರು, ಕಲಬುರಗಿಯಲ್ಲಿ ಎಸಿ ಇಲ್ಲದ ಕೋಣೆಯಾದರೆ 65,535ರ ಆಸೆ ಬಿಟ್ಟು 32,767ರಲ್ಲಿ ನಿಲ್ಲಿಸಿ. ಲಾಭದ ಬಹುಭಾಗ ಅಲ್ಲಿಗೇ ಬಂದಿರುತ್ತದೆ. ರ‍್ಯಾಮ್ ಟೆಸ್ಟನ್ನು ಗ್ರಾಫಿಕ್ಸ್ ಲೋಡ್ ಜೊತೆಗೇ ಓಡಿಸಿ. ಬರೀ ಟೆಸ್ಟ್‌ಮೆಮ್5 ಪಾಸಾಯಿತು ಅಂದರೆ ಅರ್ಧ ಉತ್ತರ ಅಷ್ಟೇ.

ಸಿಪಿಯು: ಏರಿಸುವುದಕ್ಕಿಂತ ಇಳಿಸುವುದು

7700ಎಕ್ಸ್ ತಾನಾಗಿಯೇ 5.4 ಗಿಗಾಹರ್ಟ್ಸ್ ಮುಟ್ಟುತ್ತದೆ, ಪೂರ್ತಿ ಲೋಡಿನಲ್ಲಿ 95 ಡಿಗ್ರಿಯವರೆಗೆ ಹೋಗಲು ಹಿಂಜರಿಯುವುದಿಲ್ಲ. ಎಲ್ಲ ಕೋರ್‌ಗೂ ಒಂದೇ ಮಲ್ಟಿಪ್ಲೈಯರ್ ಹಾಕುವ ಹಳೇ ಪದ್ಧತಿ ಇಲ್ಲಿ ನಷ್ಟದ ಬಾಬತ್ತು: ಒಂದು ಕೋರ್‌ನ ಬೂಸ್ಟ್ ಕಳೆದುಕೊಳ್ಳುತ್ತೀರಿ, ಆಟಗಳಿಗೆ ಬೇಕಾದದ್ದು ಅದೇ. ಓಸಿ ಮೆನು, ಅಡ್ವಾನ್ಸ್‌ಡ್ ಸಿಪಿಯು ಕಾನ್ಫಿಗರೇಶನ್, ಎಎಂಡಿ ಓವರ್‌ಕ್ಲಾಕಿಂಗ್, ಪಿಬಿಓ ಅಡ್ವಾನ್ಸ್‌ಡ್: ದಾರಿ ಇದು (ಪಿಬಿಓ ಎಂದರೆ ಬೂಸ್ಟ್ ಮಿತಿಗಳನ್ನು ಬದಲಿಸುವ ಎಎಂಡಿಯದೇ ಸೌಲಭ್ಯ). ಥರ್ಮಲ್ ಲಿಮಿಟ್ 85ಕ್ಕೆ ಇಳಿಸಿ, ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಜರನ್ನು ಪರ್ ಕೋರ್ ಮಾಡಿ ಎಲ್ಲಕ್ಕೂ ಮೈನಸ್ 15 ಹಾಕಿ ಶುರುಮಾಡಿ. ಒಂದೊಂದು ಅಂಕೆ ಸುಮಾರು 3ರಿಂದ 5 ಮಿಲಿವೋಲ್ಟ್.

ಎಲ್ಲರೂ ಮೈನಸ್ 30 ಹಾಕಿ ಸಿನಿಬೆಂಚ್ ಎಂಬ ಬೆಂಚ್‌ಮಾರ್ಕ್ ಓಡಿಸಿ, ಪಾಸ್ ಎಂದು ಘೋಷಿಸುತ್ತಾರೆ. ಸಿನಿಬೆಂಚ್‌ನಲ್ಲಿ ಎಂಟೂ ಕೋರ್ ಓಡುವಾಗ ವೇಗ ಕಡಿಮೆ ಇರುತ್ತದೆ, ಸಿಗುವ ವೋಲ್ಟೇಜಿನಲ್ಲಿ ಅವಕಾಶ ಉಳಿದಿರುತ್ತದೆ. ನಿಜವಾದ ಪರೀಕ್ಷೆ ಒಂದೇ ಕೋರ್ ತುದಿವೇಗಕ್ಕೆ ಜಿಗಿಯುವಾಗ, ಅಂದರೆ ಬ್ರೌಸರ್ ತೆರೆದಾಗ, ಏನೂ ಮಾಡದೆ ಡೆಸ್ಕ್‌ಟಾಪ್ ನೋಡುತ್ತಾ ಕೂತಾಗ. ಕೋರ್‌ಸೈಕ್ಲರ್ ಎಂಬ ಸ್ಕ್ರಿಪ್ಟ್ ಪ್ರೈಮ್95 ಎಂಬ ಲೋಡ್ ಟೆಸ್ಟನ್ನು ಒಂದೊಂದೇ ಕೋರ್ ಮೇಲೆ ಸರದಿಯಲ್ಲಿ ಓಡಿಸುತ್ತದೆ. ರಾತ್ರಿಯಿಡೀ ಬಿಡಿ. ಮೆಷಿನ್ ರೀಸ್ಟಾರ್ಟ್ ಆಗಿದ್ದರೆ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಾಣುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ವ್ಹೀಯಾ-ಲಾಗರ್ (WHEA-Logger) 18 ಹುಡುಕಿ. ಅದರಲ್ಲಿ ಎಪಿಐಸಿ ಐಡಿ (ತಪ್ಪಿದ್ದು ಯಾವ ಥ್ರೆಡ್ ಎಂದು ಹೇಳುವ ಸಂಖ್ಯೆ) ಬರೆದಿರುತ್ತದೆ. ಎರಡರಿಂದ ಭಾಗಿಸಿ: 10 ಅಥವಾ 11 ಇದ್ದರೆ ಕೋರ್ 5. ಆ ಕೋರ್‌ಗೆ ಮಾತ್ರ ಮೈನಸ್ 15ನ್ನು ಮೈನಸ್ 10ಕ್ಕೆ ತಂದು ಮತ್ತೆ ಓಡಿಸಿ. ಸಾಮಾನ್ಯವಾಗಿ ಸೋಲುವುದು ಚಿಪ್ಪಿನ ಅತ್ಯುತ್ತಮ ಎರಡು ಕೋರ್‌ಗಳೇ, ತುದಿವೇಗಕ್ಕೆ ವಿಂಡೋಸ್ ಕಳಿಸುವುದು ಅವನ್ನೇ.

7800ಎಕ್ಸ್3ಡಿ ಇದ್ದವರಿಗೆ ಮಲ್ಟಿಪ್ಲೈಯರ್ ಬೀಗ ಹಾಕಿದೆ, ಬೂಸ್ಟ್ ಓವರ್‌ರೈಡ್ ಏರಿಸಿಯೂ ಪ್ರಯೋಜನವಿಲ್ಲ. ಕರ್ವ್ ಆಪ್ಟಿಮೈಜರ್ ಮಾತ್ರ ತೆರೆದಿದೆ, ಅದರ ತಾಪಮಿತಿಯೂ 89 ಡಿಗ್ರಿ. 96 ಎಂಬಿ ಎಲ್3 ಕ್ಯಾಶ್ ಇರುವುದರಿಂದ ರ‍್ಯಾಮ್ ಟೈಮಿಂಗ್ ಬಿಗಿಮಾಡಿದ ಲಾಭವೂ 7700ಎಕ್ಸ್‌ನಷ್ಟು ಇರುವುದಿಲ್ಲ. ಆ ಚಿಪ್ ತಂದವರು ಎಕ್ಸ್‌ಪೋ ಹಾಕಿ, ಎಸ್‌ಓಸಿ 1.2 ಮಾಡಿ, ಕರ್ವ್ ಮೈನಸ್ 15 ಕೊಟ್ಟು ಆಟ ಆಡಲು ಹೋಗಬಹುದು.

ಮೆನುವಿನ ಗೋಜಲು

ಪಿಬಿಓ ಆಯ್ಕೆಗಳು ಎಂಎಸ್‌ಐನ ಸ್ವಂತ ಪುಟದಲ್ಲೂ ಇವೆ, ಎಎಂಡಿ ಓವರ್‌ಕ್ಲಾಕಿಂಗ್ ಪುಟದಲ್ಲೂ ಇವೆ. ಎರಡು ಕಡೆ ಬೇರೆ ಬೇರೆ ಸಂಖ್ಯೆ ತುಂಬಿದರೆ ಯಾವುದು ಗೆಲ್ಲುತ್ತದೆ ಎಂಬುದನ್ನು ಯಾವ ಮ್ಯಾನುಯಲ್ಲೂ ಹೇಳುವುದಿಲ್ಲ. ಒಂದೇ ಕಡೆ ತುಂಬಿ, ಇನ್ನೊಂದನ್ನು ಆಟೋದಲ್ಲಿ ಬಿಡಿ. ಗೇಮ್ ಬೂಸ್ಟ್ ಬಟನ್ ಕಡೆ ನೋಡಲೇಬೇಡಿ.

ಸಹಿಯಿಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಕೂಡ ಒಮ್ಮೆ ನೋಡಬೇಕು. 2023ರ ಜನವರಿಯಲ್ಲಿ ಒಬ್ಬ ಭದ್ರತಾ ಸಂಶೋಧಕ ಎತ್ತಿ ತೋರಿಸಿದ ವಿಷಯ: ಎಂಎಸ್‌ಐನ 290ಕ್ಕೂ ಹೆಚ್ಚು ಬೋರ್ಡ್ ಮಾದರಿಗಳ ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆನ್ ಎಂದು ತೋರಿಸುತ್ತಿತ್ತು, ಒಳಗಿನ ಇಮೇಜ್ ಎಕ್ಸಿಕ್ಯೂಶನ್ ಪಾಲಿಸಿ ಮಾತ್ರ ‘ಆಲ್‌ವೇಸ್ ಎಕ್ಸಿಕ್ಯೂಟ್’. ಸಹಿಯಿಲ್ಲದ್ದನ್ನೂ ಬಿಡುವ ಬಾಗಿಲು. ಆಮೇಲೆ ಕಂಪನಿ ಹೊಸ ಬಯೋಸ್‌ಗಳಲ್ಲಿ ಡೀಫಾಲ್ಟ್ ಬದಲಿಸುವುದಾಗಿ ಹೇಳಿತು. ಸೆಕ್ಯುರಿಟಿ ಪುಟದಲ್ಲಿ ಸೆಕ್ಯೂರ್ ಬೂಟ್ ಮೋಡನ್ನು ಕಸ್ಟಮ್ ಮಾಡಿದರೆ ಈ ಪಾಲಿಸಿ ಕಾಣುತ್ತದೆ. ‘ಡಿನೈ ಎಕ್ಸಿಕ್ಯೂಟ್’ ಇದೆಯೇ ನೋಡಿ.

ಬೀಟಾ ಬಯೋಸ್ ಬೇಕೇ? ಹೊಸ ಸಿಪಿಯು ತಂದಿಲ್ಲ, ರ‍್ಯಾಮ್ ತೊಂದರೆ ಇಲ್ಲ, ಭದ್ರತೆಯ ಸರಿಪಡಿಕೆ ಪಟ್ಟಿಯಲ್ಲಿಲ್ಲ ಎಂದಾದರೆ ಮುಟ್ಟಬೇಡಿ. ಅಜೀಸಾ ಬದಲಾದಾಗ ಟ್ರೇನಿಂಗ್ ನಿಯಮಗಳೂ ಬದಲಾಗುತ್ತವೆ. ನಿನ್ನೆ ಗಟ್ಟಿಯಾಗಿದ್ದ ಟೈಮಿಂಗ್ ಇವತ್ತು ತಪ್ಪು ಕೊಡಬಹುದು, ಬೂಟ್ ಆಗದಿದ್ದ 6200 ಬೂಟ್ ಆಗಲೂಬಹುದು. ಅಪ್‌ಡೇಟ್ ಮಾಡಿದ ಪ್ರತಿ ಸಲವೂ ರ‍್ಯಾಮ್ ಟೆಸ್ಟ್ ಮತ್ತು ಕೋರ್‌ಸೈಕ್ಲರ್ ಎರಡೂ ಹೊಸದಾಗಿ ಓಡಬೇಕು. ಅಷ್ಟು ಪುರುಸೊತ್ತು ಇಲ್ಲದವರು ಎಕ್ಸ್‌ಪೋದಲ್ಲೇ ನಿಲ್ಲಿಸುವುದು ಜಾಣತನ.

ಒಟ್ಟಾರೆ 7600, 7700ಎಕ್ಸ್, 7800ಎಕ್ಸ್3ಡಿ ಹಾಕುವವರಿಗೆ ಈ ಬೋರ್ಡ್ ಕಣ್ಣುಮುಚ್ಚಿ ಕೊಳ್ಳಬಹುದಾದ್ದು. 8000ದ ರ‍್ಯಾಮ್ ಓಡಿಸುವ ಹಟ ಇದ್ದವರು ಎರಡೇ ಸ್ಲಾಟಿರುವ ಬೋರ್ಡ್ ನೋಡಿ. ನಾಲ್ಕು ಸ್ಲಾಟಿನ ಗೆರೆಗಳು ಆ ವೇಗಕ್ಕೆ ಹೇಳಿ ಮಾಡಿಸಿದವಲ್ಲ. ಎಸ್‌ಪಿ ರೋಡಿನಲ್ಲೋ ಬೇರೆಲ್ಲೋ ಕೌಂಟರಿನಲ್ಲಿ ಕೊಳ್ಳುವುದಾದರೆ ಅಲ್ಲೇ ಡಬ್ಬ ತೆರೆಸಿ ಸಾಕೆಟ್ ನೋಡಿ. ಎಎಂ5ರಲ್ಲಿ 1718 ಪಿನ್ನುಗಳಿರುವುದು ಬೋರ್ಡಿನ ಮೇಲೆ, ಸಿಪಿಯು ಮೇಲಲ್ಲ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಲುಗಳು ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕೆ ಮಂಕಾಗಿ ಕಂಡರೆ ಆ ಪಿನ್ ಬಾಗಿದೆ ಎಂದರ್ಥ, ಬೋರ್ಡ್ ಬದಲಿಸಿಕೊಳ್ಳಿ. ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಡಬ್ಬದಲ್ಲಿ ಜೋಪಾನವಾಗಿಡಿ, ವಾರಂಟಿಗೆ ಕಳಿಸುವಾಗ ಅದು ಇಲ್ಲದಿದ್ದರೆ ಬೋರ್ಡ್ ವಾಪಸ್ ಬರುತ್ತದೆ.